ಆಗುಂಬೆ ಇಳಿದು ಗೇರುಸೊಪ್ಪೆ ಹತ್ತಿ: ಹೊಸ ಸೈಕಲ್‌ಗಳ ಸುತ್ತಾಟ

ಹೊಸ ಸೈಕಲ್ ಕಂಡರೆ ಎಲ್ಲರೂ ಮೊದಲು ಎತ್ತಿ ನೋಡುತ್ತಾರೆ. ಟಾಪ್ ಟ್ಯೂಬ್ ಹಿಡಿದು, ಒಂದೇ ಕೈಯಲ್ಲಿ. "ಎಷ್ಟು ಹಗುರ ಇದೆ ನೋಡು" ಅಂತ ಪಕ್ಕದವರ ಕೈಗೂ ಕೊಡುತ್ತಾರೆ. ಹಿಂದಿನ ಚಕ್ರದ ಹತ್ತಿರ ಬಗ್ಗಿ ಕ್ಯಾಸೆಟ್‌ನಲ್ಲಿ, ಅಂದರೆ ಅಲ್ಲಿನ ಹಲ್ಲುಚಕ್ರಗಳ ಗೊಂಚಲಿನಲ್ಲಿ, ಎಷ್ಟು ಹಲ್ಲಿದೆ ಅಂತ ಎಣಿಸುವವರು ಕಡಿಮೆ. ನನ್ನನ್ನು ಕೇಳಿದರೆ ಎಣಿಸೋದೇ ಮುಖ್ಯ. ಮಲೆನಾಡಿನಲ್ಲಿ ಸೈಕಲ್ ತುಳಿಯುವವರಿಗೆ ಗ್ರಾಂ ಲೆಕ್ಕಕ್ಕಿಂತ ಹಲ್ಲಿನ ಲೆಕ್ಕ ಜಾಸ್ತಿ ಕೆಲಸಕ್ಕೆ ಬರುತ್ತದೆ.

ನಮ್ಮ ಗುಂಪಿನಲ್ಲಿ ಇದು ಹಳೇ ಜಗಳ. ಈ ವರ್ಷ ನಾಲ್ಕೂ ಜನ ಹೊಸ ಸೈಕಲ್ ತಗೊಂಡಿದ್ದರಿಂದ ಇನ್ನಷ್ಟು ಬಿಸಿ ಏರಿತು. ಫೋನಲ್ಲಿ ಮಾತಾಡಿ ಬಗೆಹರಿಯುವ ವಿಷಯ ಅಲ್ಲ, ಒಂದು ಘಟ್ಟ ಇಳಿದು ಇನ್ನೊಂದು ಘಟ್ಟ ಹತ್ತೋಣ ಅಂತ ತೀರ್ಮಾನವಾಯಿತು. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ. ಅಲ್ಲಿಂದ ಇಳಿದು ಉಡುಪಿ, ಮಲ್ಪೆ. ಕಡಲ ಬದಿ ಹಿಡಿದು ಮುರುಡೇಶ್ವರ. ಹೊನ್ನಾವರದಲ್ಲಿ ಬಲಕ್ಕೆ ತಿರುಗಿ ಗೇರುಸೊಪ್ಪೆ ಘಟ್ಟ ಹತ್ತಿ ಜೋಗ. ಸಾಗರದ ಮೇಲೆ ಮತ್ತೆ ಶಿವಮೊಗ್ಗ. ಒಟ್ಟು 440 ಕಿಲೋಮೀಟರ್ ಆಸುಪಾಸು. ಡಿಸೆಂಬರ್ ಮೊದಲ ವಾರ, ಮಳೆ ಪೂರ್ತಿ ನಿಂತಿರುತ್ತದೆ, ಬಿಸಿಲು ಇನ್ನೂ ಹದವಾಗಿರುತ್ತದೆ.

ಸೈಕಲ್‌ಗಳ ಪರಿಚಯ ಮೊದಲೇ ಮಾಡಿಬಿಡುತ್ತೇನೆ. ಮೈಸೂರಿನ ಮೇಷ್ಟ್ರು ನಿವೃತ್ತ ವಿಜ್ಞಾನ ಶಿಕ್ಷಕರು. ಅವರದು ಸ್ಟೀಲ್ ಫ್ರೇಮಿನ ಟೂರಿಂಗ್ ಸೈಕಲ್, ಖಾಲಿ ಇದ್ದಾಗಲೇ 14 ಕೆಜಿ. ಮುಂದೆ 48, 36, 26 ಹಲ್ಲಿನ ಮೂರು ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ), ಹಿಂದೆ ಕ್ಯಾಸೆಟ್‌ನಲ್ಲಿ 11ರಿಂದ 34 ಹಲ್ಲು. ಮುಂದಿನ ಹಲ್ಲು ಕಡಿಮೆ, ಹಿಂದಿನದು ಜಾಸ್ತಿ ಆದಷ್ಟೂ ಏರು ಹತ್ತೋದು ಸುಲಭ. ಮಡ್‌ಗಾರ್ಡ್, ಕ್ಯಾರಿಯರ್, ಅದರ ಬದಿಗಳಿಗೆ ತೂಗುವ ಎರಡು ಪ್ಯಾನಿಯರ್ ಚೀಲ, ಚರ್ಮದ ಸೀಟು. "ಸೀಟು ಪಳಗೋದಕ್ಕೆ ಇನ್ನೂ ಸಾವಿರ ಕಿಲೋಮೀಟರ್ ಬೇಕು" ಅನ್ನುತ್ತಲೇ ಕೂತರು.

ವಿಜಯಪುರದ ಹುಡುಗನದು ಕಾರ್ಬನ್ ರೋಡ್ ಬೈಕ್, 8 ಕೆಜಿ. ಮುಂದೆ 50, 34 ಹಲ್ಲಿನ ಎರಡು ಚೈನ್‌ರಿಂಗ್, ಹಿಂದೆ 11ರಿಂದ 28, ಟೈರು ಬರೀ 25 ಮಿಲಿಮೀಟರ್. ಅವನು ಶಾಲೆಯಲ್ಲಿದ್ದಾಗ ಕ್ರೀಡಾ ಹಾಸ್ಟೆಲ್ ಸೇರಿ ರೇಸ್ ಹೊಡೆದವನು. ವಿಜಯಪುರ, ಬಾಗಲಕೋಟೆ ಕಡೆ ಸೈಕಲ್ ಅಂದರೆ ಭಾನುವಾರದ ಹವ್ಯಾಸ ಅಲ್ಲ. ಕರ್ನಾಟಕದಿಂದ ರಾಷ್ಟ್ರೀಯ ಕೂಟಗಳಿಗೆ ಹೋಗುವ ಸೈಕ್ಲಿಸ್ಟ್‌ಗಳಲ್ಲಿ ತುಂಬ ಜನ ಆ ಭಾಗದವರೇ.

ಬೆಂಗಳೂರಿನ ಬ್ಯಾಂಕ್ ಮೇಡಂ ಅವರದು ಹೈಬ್ರಿಡ್. ನೆಟ್ಟಗಿನ ಹ್ಯಾಂಡಲ್, ಹೈಡ್ರಾಲಿಕ್ ಡಿಸ್ಕ್ ಬ್ರೇಕ್, ಮುಂದೆ 40 ಹಲ್ಲಿನ ಒಂದೇ ಚೈನ್‌ರಿಂಗ್, ಹಿಂದೆ 11ರಿಂದ 42. ನನ್ನದು ಮಣ್ಣು ದಾರಿಗೂ ಒಗ್ಗುವ ಗ್ರಾವೆಲ್ ಬೈಕ್: ಮುಂದೆ 46, 30, ಹಿಂದೆ 34ರವರೆಗೆ, ಟೈರು 38 ಮಿಲಿಮೀಟರ್, ಕೇಬಲ್ ಎಳೆಯುವ ಮೆಕ್ಯಾನಿಕಲ್ ಡಿಸ್ಕ್. ಬಣ್ಣ ಹಸಿರು. ಬಣ್ಣ ನೋಡಿಯೇ ತಗೊಂಡದ್ದು ಅಂತ ಮನೆಯಲ್ಲಿ ಹೇಳುತ್ತಾರೆ, ಅದು ಪೂರ್ತಿ ಸುಳ್ಳಲ್ಲ.

ಮೊದಲ ದಿನ: ಶಿವಮೊಗ್ಗ – ಆಗುಂಬೆ

ಬೆಳಗ್ಗೆ ಆರೂವರೆಗೆ ಹೊರಟಾಗ ತುಂಗೆಯ ಮೇಲೆ ಮಂಜು ಇನ್ನೂ ಕೂತಿತ್ತು. ತೀರ್ಥಹಳ್ಳಿ ರಸ್ತೆ ನದಿಯ ಜೊತೆಜೊತೆಗೇ ಹೋಗುತ್ತದೆ. ಗಾಜನೂರು ಅಣೆಕಟ್ಟು ದಾಟಿದರೆ ಸಕ್ರೆಬೈಲು. ಇಲ್ಲಿನ ಬಿಡಾರದ ಆನೆಗಳನ್ನು ರಾತ್ರಿ ಕಾಡಿಗೆ ಬಿಡುತ್ತಾರೆ. ಬೆಳಗ್ಗೆ ಮಾವುತರು ಹೋಗಿ ಹುಡುಕಿ, ಕರೆದು ತಂದು, ಹಿನ್ನೀರಿನಲ್ಲಿ ಸ್ನಾನ ಮಾಡಿಸುತ್ತಾರೆ. ನಾವು ಹೋಗುವ ಹೊತ್ತಿಗೆ ಒಂದು ಆನೆ ರಸ್ತೆ ಪಕ್ಕದಲ್ಲೇ ಬರುತ್ತಿತ್ತು. ಮಾವುತ ದೂರದಿಂದಲೇ ಕೈ ಎತ್ತಿದ. ಇಳಿದು ನಿಂತೆವು. ಮೇಡಂ ಬೆಲ್ ಮೇಲಿಂದ ಬೆರಳು ತೆಗೆದೇ ಬಿಟ್ಟರು.

ಮಂಡಗದ್ದೆಯಲ್ಲಿ ಚಹಾ. ನದಿಯ ನಡುವಿನ ಕುದುರಿನಲ್ಲಿ ಮಳೆಗಾಲಕ್ಕೆ ಬೆಳ್ಳಕ್ಕಿ, ನೀರುಕಾಗೆಗಳು ಬಂದು ಗೂಡು ಕಟ್ಟುತ್ತವೆ. ಡಿಸೆಂಬರ್ ಅಂದರೆ ಮರಿಗಳು ಹಾರಿಹೋಗಿ ಮರ ಖಾಲಿ. ಹಕ್ಕಿ ನೋಡಬೇಕು ಅಂದರೆ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬರಬೇಕು. ಆದರೆ ಆಗ ಸೈಕಲ್ ಮೇಲೆ ಬರುವ ಹಾಗಿಲ್ಲ, ಹಿಡಿದರೆ ಬಿಡದ ಮಳೆ.

ಈ ದಾರಿಯ ಬಗ್ಗೆ ಹೊರಗಿನವರಿಗೆ ಒಂದು ತಪ್ಪು ಕಲ್ಪನೆ ಇದೆ. ಆಗುಂಬೆ ಅಂದರೆ ಘಟ್ಟ, ಆದ್ದರಿಂದ ಶಿವಮೊಗ್ಗದಿಂದ ಆಗುಂಬೆಗೆ ಬರೀ ಏರು ಅಂದುಕೊಂಡಿರುತ್ತಾರೆ. ಹಾಗಿಲ್ಲ. ಶಿವಮೊಗ್ಗವೇ ಸಮುದ್ರಮಟ್ಟದಿಂದ 570 ಮೀಟರ್ ಆಸುಪಾಸು ಎತ್ತರದಲ್ಲಿದೆ. ಆಗುಂಬೆ ಸುಮಾರು 640. ಇಡೀ ದಿನ ತುಳಿದರೂ ಲೆಕ್ಕದಲ್ಲಿ ಸಿಗುವ ಎತ್ತರ ನೂರು ಮೀಟರ್ ಕೂಡ ಇಲ್ಲ. ನಾವು ಪ್ರಸ್ಥಭೂಮಿಯ ಮೇಲೆ ಅದರ ಅಂಚಿನ ತನಕ ಹೋಗುತ್ತೇವೆ, ಅಷ್ಟೆ. ಆದರೆ ಆ ನೂರು ಮೀಟರ್ ಸಿಗುವುದಕ್ಕೆ ಎಷ್ಟು ಸಲ ಇಳಿದು ಎಷ್ಟು ಸಲ ಹತ್ತಬೇಕು ಅನ್ನೋದನ್ನು ತೊಡೆಗಳು ಹೇಳುತ್ತವೆ. ಚಿಕ್ಕ ಚಿಕ್ಕ ಏರು, ಚಿಕ್ಕ ಚಿಕ್ಕ ಇಳಿಜಾರು, ತಿರುವಿನ ಆಚೆ ಮತ್ತೆ ಅದೇ. ಇಂಥ ದಾರಿಯಲ್ಲಿ ಹಗುರ ಸೈಕಲ್‌ಗೇ ಗೆಲುವು, ಒಪ್ಪಿಕೊಳ್ಳಬೇಕು. ಇಳಿಜಾರಿನ ರಭಸದಲ್ಲೇ ಎದುರಿನ ದಿಬ್ಬವನ್ನು ಎರಡು ತುಳಿತಕ್ಕೆ ಹತ್ತಿಬಿಡುತ್ತಿದ್ದ ನಮ್ಮ ಹುಡುಗ. ಮೇಷ್ಟ್ರು ಪ್ರತಿ ದಿಬ್ಬಕ್ಕೂ ಗೇರ್ ಬದಲಿಸುತ್ತಾ, ಚೈನ್ ಕಟಕಟ ಅನ್ನಿಸುತ್ತಾ, ಕೊನೆಯಲ್ಲಿ ಬರುತ್ತಿದ್ದರು. "ನಂಗೇನೂ ಅರ್ಜೆಂಟಿಲ್ಲ, ಪಿಂಚಣಿ ಒಂದನೇ ತಾರೀಕಿಗೇ ಬರೋದು" ಅಂದರು.

ತೀರ್ಥಹಳ್ಳಿಯ ಕಮಾನು ಸೇತುವೆ ಹತ್ತಿರ ಊಟ. ಊರಾಚೆ ಅಡಿಕೆ ಮನೆಗಳ ಅಂಗಳದಲ್ಲಿ ಬೇಯಿಸಿದ ಅಡಿಕೆ ಒಣಗಲು ಹಾಕಿದ್ದರು. ಚೊಗರಿನ ವಾಸನೆ ರಸ್ತೆಯ ತನಕ ಬರುತ್ತದೆ. ಕಾರಿನಲ್ಲಿ ಹೋಗುವವರಿಗೆ ಇದು ಸಿಗಲ್ಲ.

ಸಂಜೆ ಆಗುಂಬೆ. ಸೂರ್ಯಾಸ್ತದ ಕಟ್ಟೆಯಲ್ಲಿ ಜಾತ್ರೆಯಷ್ಟು ಜನ. ಸೂರ್ಯ ಮಾತ್ರ ಕೊನೇ ಗಳಿಗೆಯಲ್ಲಿ ಮೋಡದೊಳಗೆ ಹೋದ. ರಾತ್ರಿ ಲಾಡ್ಜ್‌ನ ಜಗಲಿಯಲ್ಲಿ ಕೂತು ಅವರವರ ಇಷ್ಟದ ದಾರಿಯ ಮಾತು ಶುರುವಾಯಿತು.

ಮೇಡಂ ಎಲ್ಲರಂತೆ ನಂದಿ ಬೆಟ್ಟ ಅನ್ನುತ್ತಾರೆ ಅಂದುಕೊಂಡಿದ್ದೆ. ಬೆಂಗಳೂರಿನಲ್ಲಿ ಹೊಸ ಸೈಕಲ್ ತಗೊಂಡವರೆಲ್ಲ ಮೊದಲು 1,478 ಮೀಟರ್ ಎತ್ತರದ ಆ ಬೆಟ್ಟ ಹತ್ತಿ ಫೋಟೊ ಹಾಕಿದರೇನೇ ಸಮಾಧಾನ. "ಶನಿವಾರ, ಭಾನುವಾರ ಅಲ್ಲಿ ಕಾರಿನ ಹೊಗೆ ಕುಡೀಬೇಕು. ನಂಗೆ ಹೆಸರಘಟ್ಟ ಸಾಕು" ಅಂದರು. ಕೆರೆ, ಹುಲ್ಲುಗಾವಲು, ವಾಪಸ್ ಬಂದು ಎಂಟೂವರೆಗೆ ಇಡ್ಲಿ. ಮೇಷ್ಟ್ರದು ಮೈಸೂರಿನ ವರುಣಾ ನಾಲೆ ದಾರಿ. ಒಂದು ಕಡೆ ನೀರು, ವಾಹನ ಕಡಿಮೆ, ಸಮತಟ್ಟು. 2017ರಲ್ಲಿ ಮೈಸೂರಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂದಾಗ ಅದರ ಮೇಲೆ ಊರು ಸುತ್ತಿಯೇ ಅವರಿಗೆ ಮತ್ತೆ ಸೈಕಲ್ ಹುಚ್ಚು ಹಿಡಿದದ್ದಂತೆ. ಹುಡುಗನ ದಾರಿ ವಿಜಯಪುರದಿಂದ ಆಲಮಟ್ಟಿ. "ನೆಟ್ಟಗ ರಸ್ತೆ ರೀ. ತಲಿ ಎತ್ತಿದ್ರ ಮುಂದಿನ ಹಳ್ಳಿ ಕಾಣ್ತೈತಿ. ಆದ್ರ ಮುಟ್ಟಂಗಿಲ್ಲ."

ಎರಡನೇ ದಿನ: ಆಗುಂಬೆ – ಮಲ್ಪೆ

ಬೆಳಗ್ಗೆ ಏಳಕ್ಕೆ ಘಟ್ಟದ ತಲೆಯಲ್ಲಿ ನಿಂತು ಬ್ರೇಕ್ ಪರೀಕ್ಷೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಸುಮಾರು 10 ಕಿಲೋಮೀಟರ್ ಒಳಗೆ ಐನೂರು ಮೀಟರಿಗೂ ಜಾಸ್ತಿ ಇಳಿಯಬೇಕು. ದೊಡ್ಡ ಲಾರಿಗಳಿಗೆ ಇಲ್ಲಿ ಪ್ರವೇಶ ಇಲ್ಲ, ಅದೊಂದು ಪುಣ್ಯ. ಮಿನಿ ಬಸ್‌ಗಳು ಓಡಾಡುತ್ತವೆ. ತಿರುವಿನಲ್ಲಿ ಅವಕ್ಕೆ ಪೂರ್ತಿ ರಸ್ತೆ ಬೇಕು. ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡೋದು ಘಟ್ಟದ ನಿಯಮ, ಸೈಕಲ್‌ಗೂ ಅದೇ.

ಮೇಷ್ಟ್ರು ಒಂದು ಲೆಕ್ಕ ಹೇಳಿದರು. ಸೈಕಲ್, ಸವಾರ, ಚೀಲ ಎಲ್ಲ ಸೇರಿ 100 ಕೆಜಿ ಅಂದುಕೊಳ್ಳಿ. 550 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 540 ಕಿಲೋಜೂಲ್. ಒಂದೂವರೆ ಲೀಟರ್ ತಣ್ಣೀರು ಕುದಿಸಲು ಸಾಕಾಗುವಷ್ಟು. ಸ್ವಲ್ಪ ಭಾಗವನ್ನು ಗಾಳಿ ತಿನ್ನುತ್ತದೆ. ಮಿಕ್ಕಿದ್ದೆಲ್ಲ ಬ್ರೇಕಿನಲ್ಲೇ ಶಾಖವಾಗಿ ಹೋಗಬೇಕು. ರಿಮ್ ಬ್ರೇಕ್ ಆದರೆ ಆ ಶಾಖ ರಿಮ್ಮಿಗೆ, ಅಲ್ಲಿಂದ ಟ್ಯೂಬಿಗೆ. ಡಿಸ್ಕ್ ಆದರೆ ಟೈರಿನಿಂದ ದೂರ ಇರುವ ತಗಡಿಗೆ. ಅದಕ್ಕೇ ಬ್ರೇಕನ್ನು ಉದ್ದಕ್ಕೂ ಹಿಡಿದುಕೊಂಡೇ ಇಳಿಯಬಾರದು. ತಿರುವಿನ ಮೊದಲು ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಟ್ಟುಬಿಡಬೇಕು. ಮುಂದಿನದ್ದು, ಹಿಂದಿನದ್ದು ಎರಡಕ್ಕೂ ಪಾಲು ಕೊಡಬೇಕು.

ಐದಾರು ತಿರುವಿಗೊಮ್ಮೆ ನಿಂತು ರಿಮ್ ತಣಿಸಿದೆವು. ನೆರಳಿನಲ್ಲಿ ರಸ್ತೆ ಇನ್ನೂ ಒದ್ದೆ. ಹುಡುಗನ 25ರ ಟೈರು ಎಲೆ ಕೊಳೆತ ಜಾಗದಲ್ಲಿ ಒಮ್ಮೆ ಜಾರಿ ಸರಿಯಾಯಿತು. ಅವನ ಮುಖ ಮುಂದಿನ ತಿರುವಿನ ತನಕ ಬಿಳಿಚಿಕೊಂಡೇ ಇತ್ತು. ನನ್ನ ಮೆಕ್ಯಾನಿಕಲ್ ಡಿಸ್ಕ್ ಕೆಲಸ ಮಾಡಿತು, ಆದರೆ ಸೋಮೇಶ್ವರ ಮುಟ್ಟುವಾಗ ಬೆರಳುಗಳ ಗಂಟು ನೋಯುತ್ತಿದ್ದವು. ಮೇಡಂ ಒಂದೊಂದೇ ಬೆರಳಲ್ಲಿ ಹೈಡ್ರಾಲಿಕ್ ಲಿವರ್ ಒತ್ತುತ್ತಾ, ಕಾಡು ನೋಡುತ್ತಾ, ಮಾತಾಡುತ್ತಾ ಇಳಿದರು. ಈ ದಿನದ ಸೈಕಲ್ ಅವರದ್ದೇ, ಚರ್ಚೆಯೇ ಇಲ್ಲ.

ಕೆಳಗೆ ಬೇರೆ ಲೋಕ. ಮೇಲೆ ಜಾಕೆಟ್ ಹಾಕಿದ್ದವರು ಹೆಬ್ರಿಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಗೋಳಿಬಜೆ ತಿಂದೆವು. ಹೆಬ್ರಿಯಿಂದ ಉಡುಪಿಗೆ ಮೂವತ್ತು ಚಿಲ್ಲರೆ ಕಿಲೋಮೀಟರ್, ವಾಹನ ಜಾಸ್ತಿ, ಹೇಳುವಂಥದ್ದೇನೂ ಇಲ್ಲ. ಮಣಿಪಾಲದ ಇಳಿಜಾರು, ರಥಬೀದಿಯಲ್ಲಿ ಒಂದು ಸುತ್ತು, ಮಲ್ಪೆಯಲ್ಲಿ ರೂಮು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ. ಮೇಷ್ಟ್ರಿಗೆ ಸಾರು, ಪಲ್ಯ. ನಿದ್ದೆ.

ಮೂರನೇ ದಿನ: ಮಲ್ಪೆ – ಮುರುಡೇಶ್ವರ

ಡಿಸೆಂಬರ್‌ನಲ್ಲಿ ಕರಾವಳಿಯ ಗಾಳಿಗೆ ಒಂದು ವೇಳಾಪಟ್ಟಿ ಇದೆ. ರಾತ್ರಿ ತಣಿದ ನೆಲದಿಂದ ಬೆಳಗ್ಗೆ ಮೆಲ್ಲಗೆ ಕಡಲ ಕಡೆ ಬೀಸುತ್ತದೆ. ಹನ್ನೊಂದರ ಹೊತ್ತಿಗೆ ನೆಲ ಕಾದ ಮೇಲೆ ತಿರುಗಿ ಕಡಲಿಂದ ಬೀಸುತ್ತದೆ, ಅದೂ ವಾಯವ್ಯದಿಂದ. ನಾವು ಉತ್ತರಕ್ಕೆ ಹೋಗುವವರು. ಮಧ್ಯಾಹ್ನದ ಗಾಳಿ ಮುಖಕ್ಕೇ. ಅದಕ್ಕೆ ಬೇಗ ಹೊರಡಬೇಕು ಅಂತ ಹುಡುಗ ಐದಕ್ಕೇ ಎಬ್ಬಿಸಿದ.

ಕಲ್ಯಾಣಪುರದಲ್ಲಿ ಸುವರ್ಣಾ, ಮಾಬುಕಳದಲ್ಲಿ ಸೀತಾ ನದಿ ದಾಟಿದೆವು. ಸಾಲಿಗ್ರಾಮ ಬರುವಷ್ಟರಲ್ಲಿ ಮೇಷ್ಟ್ರ ಹಿಂದಿನ ಚಕ್ರದಿಂದ "ಟಣ್" ಅಂತ ಶಬ್ದ. ಕಡ್ಡಿ ತುಂಡಾಗಿತ್ತು. ಚಕ್ರ ಹಾವಿನಂತೆ ತಿರುಚಿಕೊಂಡು, ಪ್ರತಿ ಸುತ್ತಿಗೂ ಬ್ರೇಕ್ ಪ್ಯಾಡಿಗೆ ಉಜ್ಜುತ್ತಿತ್ತು. ಹೊಸ ಚಕ್ರಕ್ಕೆ ಭಾರ ಹೊರಿಸಿದ ಮೊದಲ ಕೆಲವು ದಿನಗಳಲ್ಲಿ ಹೀಗಾಗುವುದುಂಟು. ಕಂಪನಿಯಿಂದ ಬಿಗಿಸಿ ಬಂದ ಕಡ್ಡಿಗಳು ಭಾರಕ್ಕೆ ಕೂತು ಕೆಲವು ಸಡಿಲವಾಗುತ್ತವೆ, ಪಕ್ಕದ್ದಕ್ಕೆ ಏಟು ಬೀಳುತ್ತದೆ. ಅದೂ ಮುರಿದದ್ದು ಕ್ಯಾಸೆಟ್ ಬದಿಯದ್ದು. ಆ ಬದಿಯ ಕಡ್ಡಿಗಳೇ ಜಾಸ್ತಿ ಬಿಗಿ ಇರೋದು. ಕ್ಯಾಸೆಟ್ ಬಿಚ್ಚದೆ ಹೊಸ ಕಡ್ಡಿ ಚಕ್ರದ ನಡುವಿನ ಹಬ್ಬಿನ ತೂತಿಗೆ ಹೋಗಲ್ಲ. ಕ್ಯಾಸೆಟ್ ಬಿಚ್ಚುವ ಸಾಧನ ನಮ್ಮಲ್ಲಿ ಯಾರ ಹತ್ತಿರವೂ ಇಲ್ಲ.

ಸ್ವಲ್ಪ ಮುಂದೆ ಒಂದು ಸೈಕಲ್ ಅಂಗಡಿ ಆಗಷ್ಟೇ ಬಾಗಿಲು ತೆರೆಯುತ್ತಿತ್ತು. ಒಳಗೆ ಮಕ್ಕಳ ಸೈಕಲ್, ಎರಡು ಹಳೇ ಅಟ್ಲಾಸ್, ಗೋಡೆಗೆ ತೂಗುಹಾಕಿದ ಟ್ಯೂಬುಗಳು. ಅಂಗಡಿಯವರು ಸೈಕಲ್ ತಲೆಕೆಳಗು ಮಾಡಿ ಚಕ್ರ ತಿರುಗಿಸಿದರು. ಕ್ಯಾಸೆಟ್ ಕಡೆ ನೋಡಿದರು. ಮೇಷ್ಟ್ರು ಸಾಧನದ ವಿಷಯ ಶುರು ಮಾಡುವ ಮೊದಲೇ "ಅದ್ ತೆಗೂದ್ ಬ್ಯಾಡ ಮರಾಯ್ರೆ, ಹಿಂಗೇ ಹಾಕುವ" ಅಂದರು.

ಡಬ್ಬಿಯಿಂದ ಸ್ವಲ್ಪ ಉದ್ದದ ಒಂದು ಕಡ್ಡಿ ಆರಿಸಿದರು. ಮುರಿದದ್ದರ ಪಕ್ಕದ ಕಡ್ಡಿಗೆ ಹಿಡಿದು ಅಳತೆ ನೋಡಿ, ತಲೆಯ ಗುಂಡಿಯನ್ನು ಕತ್ತರಿಸಿ ಎಸೆದರು. ಇಕ್ಕಳದಲ್ಲಿ ತುದಿಯನ್ನು ಒಂದು ಸಲ ಈ ಕಡೆ, ಕೆಲವು ಮಿಲಿಮೀಟರ್ ಬಿಟ್ಟು ಇನ್ನೊಂದು ಸಲ ಆ ಕಡೆ, ನೇರ ಮೂಲೆಗೆ ಬಗ್ಗಿಸಿದರು. ಕೊಕ್ಕೆ ತಯಾರು. ಅದನ್ನು ಕ್ಯಾಸೆಟ್‌ನ ಸಂದಿಯಲ್ಲಿ ಇಳಿಸಿ ಹಬ್ಬಿನ ತೂತಿಗೆ ಸಿಕ್ಕಿಸಿ ಒಂದು ಸಲ ಎಳೆದರು. ಕೂತಿತು. ಇನ್ನೊಂದು ತುದಿ ಉಳಿದ ಕಡ್ಡಿಗಳ ಮೇಲೆ ಕೆಳಗೆ ಹೆಣೆದು, ರಿಮ್ಮಿನಲ್ಲಿ ಕಡ್ಡಿ ಬಿಗಿಸುವ ನಿಪ್ಪಲ್‌ಗೆ ಹೋಯಿತು. ಆಮೇಲೆ ಚಕ್ರ ನೆಟ್ಟಗೆ ಮಾಡುವ ಕೆಲಸ. ಸ್ಟ್ಯಾಂಡ್ ಇಲ್ಲ, ಗೇಜ್ ಇಲ್ಲ. ಬ್ರೇಕ್ ಪ್ಯಾಡೇ ಗೇಜ್. ಪ್ಯಾಡಿಗೂ ರಿಮ್ಮಿಗೂ ನಡುವಿನ ಬೆಳಕಿನ ಗೆರೆ ನೋಡುತ್ತಾ, ಉಜ್ಜುವ ಜಾಗದಲ್ಲಿ ಒಂದು ಬದಿಯದ್ದನ್ನು ಕಾಲು ಸುತ್ತು ಬಿಗಿ, ಎದುರು ಬದಿಯದ್ದನ್ನು ಕಾಲು ಸುತ್ತು ಸಡಿಲ. ನಡುನಡುವೆ ಬೆರಳಲ್ಲಿ ಕಡ್ಡಿ ಮೀಟಿ ಕಿವಿಗೊಟ್ಟು ಕೇಳುತ್ತಿದ್ದರು. ಸಡಿಲವಾದದ್ದು ಮಂದ ಸ್ವರ ಕೊಡುತ್ತದೆ. 36 ಕಡ್ಡಿಗಳನ್ನೂ ಮೀಟಿ ಮುಗಿಸಿ, "ಈಗ ಎಲ್ಲ ಒಂದೇ ಶ್ರುತಿ" ಅಂದರು. ಐವತ್ತು ರೂಪಾಯಿ ತಗೊಂಡರು. ಮೇಷ್ಟ್ರು ನೂರು ಕೊಟ್ಟು ಚಿಲ್ಲರೆ ಬೇಡ ಅಂದರೆ, ಕರೆದು ವಾಪಸ್ ಕೊಟ್ಟರು. ಆ ಕೊಕ್ಕೆ ಕಡ್ಡಿ ಶಿವಮೊಗ್ಗದ ತನಕ ಒಂದು ಮಾತೂ ಆಡಲಿಲ್ಲ. ಹುಡುಗನ ಹಿಂದಿನ ಚಕ್ರದಲ್ಲಿ ಇರೋದೇ 24 ಕಡ್ಡಿ, ಅವೂ ಚಪ್ಪಟೆ ಆಕಾರದವು. ಅದು ಮುರಿದಿದ್ದರೆ ಬಸ್ಸೇ ಗತಿ.

ಆದರೆ ಆ ದಿನದ ಉಳಿದ ಭಾಗ ಆ ಹುಡುಗನದ್ದು. ಕುಂದಾಪುರದಲ್ಲಿ ಬನ್ಸ್, ಚಹಾ ಮುಗಿಸಿ ಪಂಚಗಂಗಾವಳಿಯ ಸೇತುವೆಗಳನ್ನು ದಾಟುವಾಗಲೇ ಗಾಳಿ ತಿರುಗಿತ್ತು. ತ್ರಾಸಿ ದಾಟಿ ಮರವಂತೆಗೆ ಬಂದರೆ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ಎನ್‌ಎಚ್ 66. ಕಾರಿನವರು ಕಿಟಕಿ ಇಳಿಸಿ ಆಹಾ ಅನ್ನುತ್ತಾರೆ. ಸೈಕಲ್‌ನವರಿಗೆ ಅಲ್ಲಿ ಗಾಳಿ ತಡೆಯುವ ಒಂದು ಮರವೂ ಇಲ್ಲ. ವೇಗ ಗಂಟೆಗೆ 22ರಿಂದ 13ಕ್ಕೆ ಇಳಿಯಿತು. ಮೇಷ್ಟ್ರ ಪ್ಯಾನಿಯರ್ ಚೀಲಗಳು ಹಾಯಿಯ ಕೆಲಸ ಮಾಡತೊಡಗಿದವು, ಉಲ್ಟಾ ದಿಕ್ಕಿಗೆ.

"ಸಾಲಾಗಿ ಬರ್ರಿ" ಅಂದ ಹುಡುಗ. ತಾನು ಮುಂದೆ ಹೋಗಿ, ಡ್ರಾಪ್ ಹ್ಯಾಂಡಲ್‌ನ ಕೆಳಭಾಗ ಹಿಡಿದು ಬೆನ್ನು ಬಗ್ಗಿಸಿದ. "ಗಾಲಿಗೆ ಗಾಲಿ ಹಚ್ಚಬ್ಯಾಡ್ರಿ. ಗಾಳಿ ಎಡಗಡಿಂದ ಬರಾಕತ್ತೈತಿ. ಒಂಚೂರು ಬಲಕ್ಕ ಸರೀರಿ." ಮುಂದಿನವನ ಮರೆಯಲ್ಲಿ ಹೋದರೆ ಶ್ರಮ ಮೂರನೇ ಒಂದು ಭಾಗದಷ್ಟು ಉಳಿಯುತ್ತದೆ ಅಂತ ಓದಿದ್ದೆ. ಓದೋದು ಬೇರೆ. ಅವನ ಬಲ ಹಿಂಬದಿಗೆ ಸರಿದ ಕೂಡಲೇ ಕಿವಿಯಲ್ಲಿ ಭೋರ್ಗರೆಯುತ್ತಿದ್ದ ಸದ್ದು ನಿಂತುಹೋಯಿತು, ಯಾರೋ ಕಿಟಕಿ ಮುಚ್ಚಿದರು ಅನ್ನಬೇಕು. ಅಡ್ಡಗಾಳಿಗೆ ರೇಸಿನವರು ರಸ್ತೆಯ ಅಗಲಕ್ಕೂ ಓರೆಯಾಗಿ ಹರಡಿಕೊಳ್ಳುತ್ತಾರೆ. ಹೆದ್ದಾರಿಯಲ್ಲಿ ಅದು ಆಗದ ಮಾತು, ಬಿಳಿ ಗೆರೆಯ ಎಡಕ್ಕೆ ಸಿಕ್ಕಷ್ಟು ಜಾಗದಲ್ಲೇ ಒಂದಡಿ ಓರೆ. ಅಷ್ಟಕ್ಕೇ ವೇಗ 18ಕ್ಕೆ ಏರಿತು. ನಾನೂ ಮೇಡಂ ಎರಡೆರಡು ಕಿಲೋಮೀಟರ್ ಮುಂದಾಳತ್ವ ವಹಿಸಿ ಸುಸ್ತಾಗಿ ಹಿಂದೆ ಬಂದೆವು. ಅವನು ಬೈಂದೂರಿನ ತನಕ ಒಬ್ಬನೇ ಎಳೆದ.

"ನಮ್ಮ ಕಡೆ ಏರು ಎಲ್ಲೈತ್ರಿ? ಗಾಳಿನ ನಮ್ಮ ಘಟ್ಟ" ಅಂದ ನೀರು ಕುಡಿಯುತ್ತಾ.

ಬೈಂದೂರಿನ ಹತ್ತಿರ ಎಳನೀರಿನ ಅಂಗಡಿಯಲ್ಲಿ ಒಬ್ಬರು ಕಾರ್ಬನ್ ಸೈಕಲ್ ಎತ್ತಿ ನೋಡಿ, ಬೆಲೆ ಕೇಳಿ, "ಇದ್ರಲ್ ಎರಡ್ ಬೈಕ್ ಬತ್ತಿತ್ತಲೆ" ಅಂದರು. ಬೈಕ್ ಅಂದರೆ ಪೆಟ್ರೋಲ್ ಹಾಕುವ ಬೈಕು. ಹುಡುಗ ಉತ್ತರ ಕೊಡದೆ ಇನ್ನೊಂದು ಎಳನೀರು ತಗೊಂಡ.

ಶಿರೂರು ದಾಟಿ ಉತ್ತರ ಕನ್ನಡಕ್ಕೆ ಬಂದು ಭಟ್ಕಳದಲ್ಲಿ ತಡವಾಗಿ ಊಟ. ಸಂಜೆ ಮುರುಡೇಶ್ವರ. 123 ಅಡಿಯ ಶಿವ ದೂರದಿಂದಲೇ ಕಾಣುತ್ತಾನೆ. ಎದುರುಗಾಳಿಯಲ್ಲಿ ಬರುವವರಿಗೆ ಅದು ಬೇಡದ ಸೌಕರ್ಯ. ಕಾಣುತ್ತಲೇ ಇರುತ್ತದೆ, ಹತ್ತಿರ ಮಾತ್ರ ಬರಲ್ಲ.

ನಾಲ್ಕನೇ ದಿನ: ಮುರುಡೇಶ್ವರ – ಜೋಗ

ಮಂಕಿ, ಕಾಸರಕೋಡು, ಆಮೇಲೆ ಶರಾವತಿಯ ಉದ್ದನೆಯ ಸೇತುವೆ. ಹೊನ್ನಾವರದಲ್ಲಿ ತಿಂಡಿ ತಿಂದು ಬಲಕ್ಕೆ ತಿರುಗಿದ ಮೇಲೆ ಗೇರುಸೊಪ್ಪೆಯ ತನಕ ಹೊಳೆಯ ಬದಿಯ ದಾರಿ. ಈ ಪ್ರವಾಸದಲ್ಲಿ ನನಗೆ ತುಂಬ ಇಷ್ಟವಾದ ತುಂಡು ಇದೇ. ತೆಂಗು, ಅಡಿಕೆ, ಗದ್ದೆಯಂಚಿನ ಮನೆ, ಅಲ್ಲಲ್ಲಿ ದೋಣಿ. ಕಾಳುಮೆಣಸಿನ ರಾಣಿ ಅಂತ ಪೋರ್ಚುಗೀಸರು ಕರೆದ ಚೆನ್ನಭೈರಾದೇವಿ ಆಳಿದ ಸೀಮೆ. ಅವಳ ಕಾಲದ ಮೆಣಸು ಈ ಹೊಳೆಯ ಮೇಲೆಯೇ ಕಡಲಿಗೆ ಇಳಿಯುತ್ತಿತ್ತು. ಚತುರ್ಮುಖ ಬಸದಿಗೆ ಹೋಗಿ ಬರುವ ಆಸೆ ಇತ್ತು. ಘಟ್ಟದ ಬಿಸಿಲು ನೆನೆದು ಬಿಟ್ಟೆವು.

ಗೇರುಸೊಪ್ಪೆ ದಾಟಿದ ಮೇಲೆ ಏರು. ಕಡಲಮಟ್ಟದ ಹತ್ತಿರದಿಂದ ಹೊರಟು ಮಾವಿನಗುಂಡಿಯ ಹೊತ್ತಿಗೆ 500 ಮೀಟರ್ ದಾಟುತ್ತದೆ. ಆಗುಂಬೆಯಷ್ಟು ಕಡಿದಲ್ಲ, ಆದರೆ ಮುಗಿಯಲ್ಲ. ಲಾರಿಗಳಿಗೆ ಇಲ್ಲಿ ತಡೆ ಇಲ್ಲ. ಭಾರ ಹೊತ್ತ ಲಾರಿ ನಮ್ಮನ್ನು ದಾಟುವುದಕ್ಕೇ ಒಂದು ನಿಮಿಷ ತಗೊಳ್ಳುತ್ತದೆ, ಅಷ್ಟೂ ಹೊತ್ತು ಅದರ ಹೊಗೆ ನಮ್ಮದು.

ಇಲ್ಲೇ ನನ್ನ ಹಲ್ಲಿನ ವಾದ ಗೆದ್ದದ್ದು. ಲೆಕ್ಕ ಸರಳ. ಹುಡುಗನ ಅತಿ ಚಿಕ್ಕ ಗೇರ್ ಮುಂದೆ 34, ಹಿಂದೆ 28. ಪೆಡಲ್ ಒಂದು ಸುತ್ತು ಬಂದರೆ ಚಕ್ರ 1.21 ಸುತ್ತು. ಚಕ್ರದ ಸುತ್ತಳತೆ 2.1 ಮೀಟರ್ ಅಂದರೆ, ಪ್ರತಿ ತುಳಿತದ ಸುತ್ತಿಗೂ ಎರಡೂವರೆ ಮೀಟರ್ ಮುಂದೆ ಹೋಗಲೇಬೇಕು. ಮೇಷ್ಟ್ರದ್ದು 26ಕ್ಕೆ 34. ಒಂದು ಸುತ್ತಿಗೆ 1.6 ಮೀಟರ್. ಈಗ ಏರಿನಲ್ಲಿ ಇಬ್ಬರೂ ಗಂಟೆಗೆ 6 ಕಿಲೋಮೀಟರ್ ವೇಗದಲ್ಲಿದ್ದಾರೆ ಅನ್ನಿ. ಮೇಷ್ಟ್ರ ಕಾಲು ನಿಮಿಷಕ್ಕೆ ಅರವತ್ತರ ಹತ್ತಿರ ಸುತ್ತುತ್ತಿರುತ್ತದೆ, ಆರಾಮ. ಹುಡುಗನದು ನಲವತ್ತು. ಅಂದರೆ ಪ್ರತಿ ಸುತ್ತಿಗೂ ಒಂದೂವರೆ ಪಟ್ಟು ಜಾಸ್ತಿ ಒತ್ತಬೇಕು, ಮಂಡಿಯ ಮೇಲೆ. ಅವನಿಗೆ ವಯಸ್ಸಿದೆ, ಬಲ ಇದೆ, ಎದ್ದು ನಿಂತು ತುಳಿದು ಮುಂದೆ ಹೋಗುತ್ತಾನೆ. ಒಂದು ಗಂಟೆ ಅದು ಚೆನ್ನ. ಎರಡನೇ ಗಂಟೆಗೆ ಅವನು ಪ್ರತಿ ತಿರುವಿನ ನೆರಳಿನಲ್ಲೂ ಕೂತಿರುತ್ತಿದ್ದ. ಮೇಷ್ಟ್ರು 12 ಕೆಜಿ ಚೀಲ ಹೊತ್ತುಕೊಂಡು, ಕುಳಿತ ಜಾಗದಿಂದ ಏಳದೆ, ಏನೋ ಗುನುಗುತ್ತಾ ದಾಟಿ ಹೋಗುತ್ತಿದ್ದರು.

ಎರಡು ಸೈಕಲ್‌ಗಳ ತೂಕದ ವ್ಯತ್ಯಾಸ 6 ಕೆಜಿ. ಸವಾರನೂ ಸೇರಿದ ಒಟ್ಟು ತೂಕದಲ್ಲಿ ಅದು ನೂರಕ್ಕೆ ಏಳೋ ಎಂಟೋ. ಗೇರಿನ ವ್ಯತ್ಯಾಸ ನೂರಕ್ಕೆ ಮೂವತ್ತೇಳು. ಯಾವುದಕ್ಕೆ ದುಡ್ಡು ಕೊಡಬೇಕು, ನೀವೇ ಹೇಳಿ.

ಒಂದು ಕಡೆ ಮೇಷ್ಟ್ರು ಮಜ್ಜಿಗೆ ಕುಡಿಯಲು ನಿಂತಾಗ ಹುಡುಗ ಪೆಡಲ್‌ಗೆ ಸಿಕ್ಕಿಸುವ ತನ್ನ ಕ್ಲೀಟ್ ಶೂ ಕಳಚಿದ. ಚೀಲದಿಂದ ರಬ್ಬರ್ ಚಪ್ಪಲಿ ತೆಗೆದು ಹಾಕಿಕೊಂಡು, "ಸರ್, ಒಂದ್ ರೌಂಡ್ ಕೊಡ್ತೀರೇನ್ರಿ" ಅಂತ ಕೇಳಿ ಟೂರಿಂಗ್ ಸೈಕಲ್ ಹತ್ತಿದ. ಚೀಲ ಇಳಿಸಲೂ ಇಲ್ಲ. ಎರಡು ತಿರುವು ಮೇಲೆ ಹೋಗಿ ಇಳಿದು ಬಂದ. ನಗು ತಡೆಯಲಾಗುತ್ತಿರಲಿಲ್ಲ. "ಇದು ಸೈಕಲ್ ಅಲ್ರಿ, ಟ್ರ್ಯಾಕ್ಟರ್. ಆದ್ರ ಹತ್ತತೈತಿ."

ಹಾಗಾದರೆ ಕ್ಯಾಸೆಟ್ ಬದಲಿಸು ಅಂತ ಮೇಡಂ ಅಂದರು. ಅದರಲ್ಲೂ ಒಂದು ಕೊಕ್ಕೆ ಇದೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಅವನ ಹಿಂದಿನ ಡಿರೇಲರ್‌ನ ಕೇಜ್, ಅಂದರೆ ಚೈನನ್ನು ಬಿಗಿಯಾಗಿ ಹಿಡಿಯುವ ತೋಳು, ಗಿಡ್ಡ. 34 ಹಲ್ಲಿನ ಕ್ಯಾಸೆಟ್ ಹಾಕಿದರೆ ಅದು ನಿಭಾಯಿಸಲ್ಲ, ಉದ್ದ ಕೇಜಿನ ಡಿರೇಲರೂ ಬೇಕು, ಚೈನೂ ಉದ್ದ ಬೇಕು. ಅಂಗಡಿಯಲ್ಲಿ ಕೊಳ್ಳುವಾಗಲೇ ಕೇಳಿದರೆ ಎಷ್ಟೋ ಸಲ ಕಡಿಮೆ ಖರ್ಚಿನಲ್ಲಿ ಬದಲಿಸಿ ಕೊಡುತ್ತಾರೆ. ಆಮೇಲೆ ಎಲ್ಲಕ್ಕೂ ಬೇರೆ ಬೇರೆ ಬಿಲ್ಲು.

ನಡುವೆ ಒಮ್ಮೆ ಮರದ ಮೇಲೆ ಎಲೆ ಅಲುಗಿತು. ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಮಂಗ, ಈ ಶರಾವತಿ, ಅಘನಾಶಿನಿ ಕೊಳ್ಳಗಳಲ್ಲಿ ಇನ್ನೂ ಉಳಿದಿದೆ. ಸಾಮಾನ್ಯ ಮಂಗಗಳಂತೆ ರಸ್ತೆಗೆ ಬಂದು ಬಾಳೆಹಣ್ಣು ಕೇಳಲಿಲ್ಲ. ನಮ್ಮನ್ನು ನೋಡಿ ಒಳಗೆ ಹೋಯಿತು. ಗಂಟೆಗೆ 6 ಕಿಲೋಮೀಟರ್ ವೇಗಕ್ಕೂ ಒಂದು ಲಾಭ ಇದೆ ನೋಡಿ.

ಮಾವಿನಗುಂಡಿಯಲ್ಲಿ ಏರು ಮುಗಿದಾಗ ಮೂರು ಗಂಟೆ. ಜೋಗದಲ್ಲಿ ಡಿಸೆಂಬರ್‌ನ ಜಲಪಾತ ತೆಳುವಾಗಿರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ ನೀರು ಮೊದಲು ವಿದ್ಯುತ್ತಿಗೆ, ಉಳಿದದ್ದು ನೋಡುವವರಿಗೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಎಳೆಯೆಳೆಯಾಗಿ 253 ಮೀಟರ್ ಇಳಿಯುತ್ತಿದ್ದವು. ನನಗೆ ಹೀಗೆಯೇ ಇಷ್ಟ, ಬಂಡೆ ಕಾಣುತ್ತದೆ. ಹುಡುಗ ನೋಡಲು ಬರಲಿಲ್ಲ. ರೂಮಲ್ಲಿ ಕಾಲು ಗೋಡೆಗೆ ಆನಿಸಿ ಮಲಗಿದ್ದ.

ಕೊನೇ ದಿನ: ಜೋಗ – ಶಿವಮೊಗ್ಗ

ತಾಳಗುಪ್ಪದಲ್ಲಿ ರೈಲು ನಿಲ್ದಾಣ ಕಂಡಾಗ ಇಲ್ಲೇ ಹತ್ತಿಬಿಡೋಣವೇ ಅಂತ ಯಾರೋ ತಮಾಷೆ ಮಾಡಿದರು. ಯಾರೂ ಕೂಡಲೇ ಬೇಡ ಅನ್ನಲಿಲ್ಲ. ಸಾಗರದಲ್ಲಿ ದೋಸೆ. ಆಮೇಲೆ ಆನಂದಪುರ, ಕುಂಸಿ, ಹೆದ್ದಾರಿ, ಬಿಸಿಲು. ನೂರು ಕಿಲೋಮೀಟರ್ ದಿನ, ಆದರೆ ಘಟ್ಟ ಇಲ್ಲ. ಯಾವ ಸೈಕಲ್ ಆದರೂ ಸಾಕಿತ್ತು. ತ್ಯಾವರೆಕೊಪ್ಪ ದಾಟುವಾಗ ಮೇಷ್ಟ್ರು ಸೀಟಿನ ಮೇಲೆ ಕೈ ಇಟ್ಟು, ಬೆರಳು ಕೂರುವಷ್ಟು ತಗ್ಗಾಗಿದೆ ಅಂತ ತೋರಿಸಿದರು. ಪಳಗಿದ್ದು ಸೀಟೋ ಅವರೋ, ಗೊತ್ತಾಗಲಿಲ್ಲ.

ಮೈಸೂರು, ಬೆಂಗಳೂರಿನವರು ರೈಲಿಗೆ ಹೋದರು. ಸೈಕಲ್ ಲಗೇಜ್ ವ್ಯಾನಿಗೆ ಹಾಕುವವರು ಒಂದು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಡಿರೇಲರ್ ಬದಿಗೆ ರಟ್ಟು ಕಟ್ಟಿ, ಪೆಡಲ್ ಬಿಚ್ಚಿ, ಹೆಸರು ಬರೆದ ಚೀಟಿ ಎರಡು ಕಡೆ ಅಂಟಿಸಿ. ರಟ್ಟು ಪುಕ್ಕಟೆ ಸಿಗುತ್ತದೆ, ಯಾವುದೇ ಟಿವಿ ಅಂಗಡಿಯಲ್ಲಿ ಕೇಳಿ.

ವಿಜಯಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಹುಡುಗ ನಮ್ಮ ಮನೆಯಲ್ಲೇ ಊಟ ಮಾಡಿ, ಅವನ ಊರಿನ ಮೆಕ್ಯಾನಿಕ್‌ಗೆ ಫೋನ್ ಹಚ್ಚಿ ಉದ್ದ ಕೇಜಿನ ಡಿರೇಲರ್ ಬೆಲೆ ಕೇಳುತ್ತಿದ್ದ. ಬೆಲೆ ಕೇಳಿ ಸ್ವಲ್ಪ ಹೊತ್ತು ಸುಮ್ನಾದ. ಜನವರಿಯಲ್ಲಿ ಅವನ ದಾರಿ: ವಿಜಯಪುರದಿಂದ ಆಲಮಟ್ಟಿ, ಬಾಗಲಕೋಟೆ ಮೇಲೆ ಬಾದಾಮಿ. ಘಟ್ಟ ಇಲ್ಲ, ಬರೀ ಗಾಳಿ. ಮೇಷ್ಟ್ರು ಪ್ಯಾನಿಯರ್ ಬಿಟ್ಟು ಬರಬೇಕಂತೆ, ನಾನು 38ರ ಟೈರು ತೆಗೆದು 32 ಹಾಕಿಸಬೇಕಂತೆ. ಬಾದಾಮಿಯ ಕಲ್ಲು ದಾರಿಗೆ 38 ಬೇಕಾಗುತ್ತದೆ ಅಂತ ನನ್ನ ವಾದ. ಬಸ್ ಸ್ಟ್ಯಾಂಡಿನ ತನಕ ಅದೇ ಮಾತು ನಡೆಯಿತು, ಇನ್ನೂ ಮುಗಿದಿಲ್ಲ.